ಮುಳುಗದ ಆಮೆ

ಕಡಲಾಮೆಯ ಬೆನ್ನಿಗೆ ಅಂಟಿಸಿದ್ದ ಪೆಟ್ಟಿಗೆ ನೀರಿನ ಮೇಲೆ ಬಂದಾಗಲೆಲ್ಲ ಉಪಗ್ರಹಕ್ಕೆ ಸುಳಿವು ಕೊಡುತ್ತಿತ್ತು. ಸಂಶೋಧಕ ಪರದೆಯ ಮೇಲೆ ಚುಕ್ಕೆಗಳಾಗಿ ಮೂಡುವ ಆ ಸುಳಿವುಗಳನ್ನು ಸೇರಿಸಿ, ಆಮೆಗಳು ಎಲ್ಲಿ ಮೇಯುತ್ತವೆ, ಎಲ್ಲಿ ತಂಗುತ್ತವೆ ಎಂಬ ನಕ್ಷೆ ಮಾಡುತ್ತಿದ್ದ. ಅಂಥ ಜಾಗಗಳನ್ನು ಉಳಿಸಿಕೊಳ್ಳಬೇಕಿತ್ತು.

ಬಿರುಗಾಳಿಗೆ ಒಂದು ದೋಣಿ ಕಾಣೆಯಾದ ವಾರ, ಅದರಲ್ಲಿದ್ದ ಮೀನುಗಾರನ ಹೆಂಡತಿ ಸಂಶೋಧಕನ ಕಚೇರಿಗೆ ಬಂದಳು.

“ಆಮೆಗೆ ಪೆಟ್ಟಿಗೆ ಅಂಟಿಸೋವಾಗ ಒತ್ತಿ ಹಿಡ್ಕೊಂಡಿದ್ದು ನಮ್ಮನೆಯವ್ರೇ ಸರ್. ಇನ್ನು ಇದು ಎಲ್ಲಿದ್ರೂ ಗೊತ್ತಾಗ್ತದೆ ಅಂತಿದ್ರು. ಇದ್ರಲ್ಲಿ ಅವ್ರ ದೋಣಿ ಕಾಣ್ತದಾ?”

“ಇಲ್ಲಮ್ಮ. ಪೆಟ್ಟಿಗೆ ಎಲ್ಲಿದೆಯೋ ಅದು ಮಾತ್ರ ಕಾಣೋದು.”

ಅವಳು ಪರದೆಯನ್ನೇ ನೋಡುತ್ತ ನಿಂತಳು. “ಆ ಆಮೆ ಆದ್ರೂ ಉಂಟಾ?”

“ಸತ್ತಿದೆ. ನೋಡಿ, ಗಾಳಿ ಎದ್ದಾಗಿಂದ ಒಮ್ಮೆಯೂ ಮುಳುಗಿಲ್ಲ. ಹಗಲೂ ರಾತ್ರಿ ಮೇಲೇ ತೇಲ್ತಾ ಇದೆ. ಜೀವ ಇದ್ದಿದ್ರೆ ಮುಳುಗ್ತಿತ್ತು.”

“ಪಾಪ” ಎಂದವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದಳು.

ಸತ್ತ ಆಮೆ ನೀರು ಎಳೆದತ್ತ ಹೋಗುತ್ತದೆ. ಅದರ ಜಾಡಿನಿಂದ ಆಮೆಗಳ ನೆಲೆ ತಿಳಿಯುವುದಿಲ್ಲ. ಸಂಶೋಧಕ ಆ ಚುಕ್ಕೆಗಳನ್ನು ನಕ್ಷೆಯಿಂದ ಅಳಿಸಿದ. ಆಮೇಲೂ ಬರುತ್ತಲೇ ಇದ್ದ ಹೊಸ ಚುಕ್ಕೆಗಳನ್ನು ತೆರೆದು ನೋಡಲಿಲ್ಲ.

ತಿಂಗಳ ಕೊನೆಗೆ ಮಗುಚಿದ ದೋಣಿಯೊಂದು ದಡಕ್ಕೆ ಬಂತು. ಪೆಟ್ಟಿಗೆಯ ಮೇಲೆ ಬರೆದಿದ್ದ ಫೋನ್ ನಂಬರ್ ನೋಡಿ ಪೊಲೀಸರು ಸಂಶೋಧಕನನ್ನು ಕರೆಸಿದರು.

ದೋಣಿಯ ಬೆನ್ನಿಗೆ ಮೀನುಗಾರ ತನ್ನನ್ನು ಹಗ್ಗದಿಂದ ಬಿಗಿದುಕೊಂಡೇ ಸತ್ತಿದ್ದ. ಬಲೆಗೆ ಸಿಕ್ಕ ಆಮೆಯ ಚಿಪ್ಪಿನಿಂದ ಎಬ್ಬಿಸಿ ತೆಗೆದ ಪೆಟ್ಟಿಗೆಯನ್ನು, ಆಂಟೆನಾ ಆಕಾಶಕ್ಕೆ ಮುಖ ಮಾಡುವ ಹಾಗೆ, ಅಂಗಿಯ ಹರಕಿನಿಂದ ತಲೆಗೆ ಕಟ್ಟಿಕೊಂಡಿದ್ದ.