ಎಡಗಡೆ ಕಿಟಕಿಯ ಸದ್ದು

"ಎಂಥ ಸೌಂಡು ಸರ್?" ಮೆಕ್ಯಾನಿಕ್ ಕೇಳಿದ.

"ಸುಂಯ್ಯ್..." ಎಂದು ಅನುಕರಿಸಿ ತೋರಿಸಿದೆ.

ಕಾರಿನ ಹಿಂದಿನ ಸೀಟಿನಿಂದ ಇಳಿಯುತ್ತ ಅಪ್ಪ, "ನನ್ನ ಕಿಟಕೀದು ಕಣಪ್ಪ. ರಬ್ಬರ್ ಹೋಗಿದೆ, ಸಂದೀಲಿ ಗಾಳಿ ನುಗ್ತಿದೆ" ಅಂದರು.

ಅವನು ಗಾಜನ್ನು ನೇರ ಕೂರಿಸಿ, ಹೊಸ ರಬ್ಬರ್ ಹಾಕಿ, ಒಬ್ಬನೇ ಒಂದು ಸುತ್ತು ಓಡಿಸಿಕೊಂಡು ಬಂದ. "ಸೊಳ್ಳೆ ಸದ್ದೂ ಇಲ್ಲ ಸರ್!"

ಅಪ್ಪನನ್ನು ಹತ್ತಿಸಿಕೊಂಡು ಹೊರಟೆ. ಮತ್ತೆ ಸುಂಯ್ಯ್.

"ರಬ್ಬರ್ ಹಾಕಿದ್ನೋ, ಚೂಯಿಂಗಮ್ ಅಂಟಿಸಿದ್ನೋ!" ಅಪ್ಪ ಬೈದರು.

ರೈಲ್ವೆ ಗೇಟ್ ಹಾಕಿತ್ತು. ಎಂಜಿನ್ ಆಫ್ ಮಾಡಿ ಗಾಜುಗಳನ್ನೆಲ್ಲ ಇಳಿಸಿದೆ. ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಸುಂಯ್ಯ್.

ಕನ್ನಡಿಯಲ್ಲಿ ಹಿಂದೆ ನೋಡಿದೆ. ಎದೆಗೆ ಕೈಯೊತ್ತಿಕೊಂಡಿದ್ದ ಅಪ್ಪ ಕಣ್ಣು ತಪ್ಪಿಸಿದರು.

"ಗ್ಯಾರೇಜಿಗೇ ತಿರುಗಿಸು ಮಗಾ. ಆಸ್ಪತ್ರೆ ಬೇಡ."