ಅಳದ ಮಕ್ಕಳು

ಮೂರು ಮಕ್ಕಳೂ ಚಾಪೆಯ ಮೇಲೆ ಸಾಲಾಗಿ ಮಲಗಿದ್ದವು. ಮಧ್ಯಾಹ್ನ ಹನ್ನೆರಡರ ಹೊತ್ತು. ಹೊರಗೆ ಬೀದಿಯಲ್ಲಿ ಇಟ್ಟಿಗೆ ತುಂಬಿದ ಲಾರಿಯೊಂದು ಎತ್ತಿನ ಗಾಡಿಗೆ ಅಡ್ಡ ಸಿಕ್ಕಿಕೊಂಡು ಒಂದೇ ಸಮನೆ ಹಾರ್ನ್ ಬಾರಿಸುತ್ತಿತ್ತು. ಒಂದು ಮಗುವೂ ಮಿಸುಕಲಿಲ್ಲ.

ಭಾರತಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಅವಳು ಬೆಂಗಳೂರಿನ ಒಂದು ಕಚೇರಿಯಲ್ಲಿ ಟೈಪಿಸ್ಟು. ಬೆಳಿಗ್ಗೆ ಏಳರ ಪ್ಯಾಸೆಂಜರ್ ಗಾಡಿಗೆ ಹೋದರೆ ಮಾಲೂರಿಗೆ ಮರಳುವುದು ಸಂಜೆ ಏಳಕ್ಕೆ. ಗಂಡ ಶ್ರೀನಿವಾಸಪುರದ ಕಡೆಯ ಹಳ್ಳಿಯಲ್ಲಿ ಮೇಷ್ಟರು, ಶನಿವಾರಕ್ಕೊಮ್ಮೆ ಬರುತ್ತಿದ್ದ. ಇವತ್ತು ಯಾರೋ ಮಾಜಿ ಮಂತ್ರಿ ತೀರಿಕೊಂಡರೆಂದು ಕಚೇರಿಗೆ ರಜೆ ಕೊಟ್ಟಿದ್ದರಿಂದ ಸಿಕ್ಕ ಗಾಡಿ ಹತ್ತಿ, ನೇರವಾಗಿ ಮಗಳನ್ನು ಬಿಟ್ಟಿದ್ದ ಶ್ಯಾಮಲಮ್ಮನ ಮನೆಗೇ ಬಂದಿದ್ದಳು.

ಒಂದೂವರೆ ವರ್ಷದ ಶೈಲಾಳ ತುಟಿಯ ಮೇಲೆ ನೊಣ ಕೂತಿತ್ತು. ಭಾರತಮ್ಮ ಓಡಿ ಹೋಗಿ ಎತ್ತಿಕೊಂಡಳು. ಮಗುವಿನ ಕತ್ತು ಹಿಂದಕ್ಕೆ ಜೋತುಬಿತ್ತು. ಕೆನ್ನೆ ತಟ್ಟಿದಳು, ಅಂಗಾಲು ಚಿವುಟಿದಳು. ಕಣ್ಣು ಅರ್ಧ ತೆರೆದು ಬಿಳಿಗುಡ್ಡೆ ಕಾಣಿಸಿ ಮತ್ತೆ ಮುಚ್ಚಿಕೊಂಡಿತು.

"ಶ್ಯಾಮಲಮ್ಮನೋರೇ! ಏನಾಯ್ತು ನನ್ನ ಮಗೂಗೆ?"

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಶ್ಯಾಮಲಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. ಐವತ್ತು ದಾಟಿದ ವಿಧವೆ. "ಯಾಕಮ್ಮ ಹಿಂಗೆ ಕೂಗ್ತೀಯ? ಮಲಗಿದಾವೆ ಅಷ್ಟೇ. ನಂಗೆ ನಿದ್ದೆ ಬರಲ್ಲ ಅಂತ ಡಾಕ್ಟ್ರು ಮಾತ್ರೆ ಬರ್ಕೊಟ್ಟಿದ್ರು. ಅದ್ರಲ್ಲಿ ಕಾಲು ಭಾಗ ಹಾಲಿಗೆ ಹಾಕ್ತೀನಿ. ಕಾಲೇ ಭಾಗ ಕಣಮ್ಮ!"

"ದಿನಾನೂ?"

"ಮತ್ತೆ? ಮೂರು ಕೂಸು, ನಾನೊಬ್ಳು. ಒಂದು ಶುರು ಮಾಡಿದ್ರೆ ಮೂರೂ ಅಳ್ತವೆ."

ಮಗಳನ್ನು ಬಿಡಲು ಊರೆಲ್ಲ ಸುತ್ತಿ ಭಾರತಮ್ಮನೇ ಆರಿಸಿದ ಮನೆ ಇದು. ಒಂದು ಮನೆಯ ಬಾವಿಗೆ ಕಟ್ಟೆ ಇರಲಿಲ್ಲ, ಇನ್ನೊಂದರ ಅಜ್ಜಿಗೆ ಕಣ್ಣು ಮಂಜು. ಇಲ್ಲಿ ಸಾರಿಸಿದ ನೆಲ, ಒಗೆದ ಬಟ್ಟೆ, ಮಕ್ಕಳಿದ್ದರೂ ಗಲಾಟೆಯಿಲ್ಲ. ಪುಣ್ಯ ಮಾಡಿದ್ದೆ ಎಂದುಕೊಂಡು ಎರಡು ತಿಂಗಳಾಗಿತ್ತು. ಮಗಳು ರಾತ್ರಿ ಸಪ್ಪಗಿದ್ದರೆ ಹಲ್ಲು ಬರುತ್ತಿರಬೇಕು ಎಂದುಕೊಂಡಿದ್ದಳು.

ಅವಳು ಗೂಡಿನಲ್ಲಿದ್ದ ಮಾತ್ರೆಯ ಸೀಸೆಯನ್ನು ಬ್ಯಾಗಿಗೆ ಹಾಕಿಕೊಂಡು, ಮಗಳನ್ನು ಹೆಗಲಿಗೆ ಹಾಕಿಕೊಂಡು ಬೀದಿಗೆ ಓಡಿ ಜಟಕಾ ನಿಲ್ಲಿಸಿದಳು. ಹತ್ತುವಾಗ ಚಾಪೆಯ ಮೇಲಿನ ಉಳಿದೆರಡು ಮಕ್ಕಳು ನೆನಪಾದವು. ಅವು ಅಂಜಮ್ಮನವು. ಅವಳೂ ಅದೇ ಏಳರ ಗಾಡಿಯಲ್ಲಿ ಬೆಂಗಳೂರಿನ ಬಲ್ಬ್ ಕಾರ್ಖಾನೆಗೆ ಹೋಗುವವಳು.

"ಕದಿರಪ್ಪಾ, ಒಳಗಡೆ ಇನ್ನೆರಡು ಮಕ್ಳಿವೆ, ಎತ್ಕೊಂಡು ಬಾ!"

ಜಟಕಾದ ಕದಿರಪ್ಪ ಎರಡು ತೋಳಲ್ಲಿ ಎರಡು ಮಕ್ಕಳನ್ನು ಹೊತ್ತು ಬಂದ. "ಅಯ್ಯೋ ದೇವುಡಾ, ಬಟ್ಟೆ ಗಂಟಿದ್ದಂಗಿವೆಯಲ್ಲಮ್ಮ" ಎಂದವನೇ ಕುದುರೆಗೆ ಚಾವಟಿ ಬೀಸಿದ. ಶ್ಯಾಮಲಮ್ಮ ಹೊಸ್ತಿಲಲ್ಲಿ ನಿಂತು, "ಅಂಜಮ್ಮ ಬಂದ್ರೆ ಏನು ಹೇಳ್ಲಿ?" ಎಂದು ಕೇಳುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸೀಸೆಯ ಮೇಲಿನ ಹೆಸರು ಓದಿ ಮುಖ ಗಂಟಿಕ್ಕಿದರು. ಮೂರಕ್ಕೂ ಗ್ಲೂಕೋಸ್ ಏರಿಸಿ, ಹತ್ತು ನಿಮಿಷಕ್ಕೊಮ್ಮೆ ಬಂದು ಉಸಿರು ನೋಡಿ ಹೋದರು. ನಾಲ್ಕು ಗಂಟೆಗೆ ಶೈಲಾ ಕಣ್ಣು ಬಿಟ್ಟಳು. ಐದರ ಹೊತ್ತಿಗೆ ಇನ್ನೆರಡೂ ಎದ್ದವು.

"ಇವತ್ತು ಎದ್ದಿದಾವೆ" ಎಂದರು ಡಾಕ್ಟರಮ್ಮ. "ಇನ್ನೊಂದಿಷ್ಟು ದಿನ ಹೀಗೇ ಕೊಟ್ಟಿದ್ದಿದ್ರೆ ನಾನೂ ಏನೂ ಮಾಡೋಕಾಗ್ತಿರ್ಲಿಲ್ಲ."

ಮಕ್ಕಳನ್ನು ಆಯಾಳ ವಶಕ್ಕೆ ಬಿಟ್ಟು ಭಾರತಮ್ಮ ಸ್ಟೇಷನ್ನಿಗೆ ಹೋದಳು. ಅಂಜಮ್ಮನಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದಳು. ಕೇಳಿದವಳೇ ಪ್ಲಾಟ್‌ಫಾರಮ್ಮಿನಲ್ಲೇ ಎದೆ ಒಡೆದುಕೊಂಡು ಬೀಳುತ್ತಾಳೇನೋ ಎಂಬ ಭಯ. ಗಾಡಿ ಬಂತು. ಅಂಜಮ್ಮ ಇಳಿದಳು. ಭಾರತಮ್ಮ ಅವಳ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು.

"ಎದ್ದವಾ ಅಕ್ಕ?" ಅಂಜಮ್ಮ ಕೇಳಿದ್ದು ಅಷ್ಟೇ.

"ಎದ್ದಿದಾವೆ. ಹಾಲು ಕುಡಿದ್ವು."

ಅಂಜಮ್ಮ ಸಿಮೆಂಟು ಬೆಂಚಿನ ಮೇಲೆ ಕೂತಳು. ಅಳಲಿಲ್ಲ. "ಮಾತ್ರೆ ವಿಷಯ ನಂಗೆ ಗೊತ್ತಿತ್ತು ಅಕ್ಕ" ಎಂದಳು.

"ಏನಂದೆ?"

"ಶ್ಯಾಮಲಮ್ಮನೇ ಕೇಳಿದ್ಳು, ಒಂಚೂರು ಹಾಕ್ಲಾ ಅಂತ. ಹೂಂ ಅಂದೆ. ಮೊದಲಿದ್ದ ಮನೇಲಿ ಕಿಟಕಿ ಸರಳಿಗೆ ಕಟ್ಟಿಹಾಕ್ತಿದ್ರು. ಆಮೇಲಿನ ಮನೆಯವರು ಅಳ್ತವೆ ಅಂತ ಎಂಟೇ ದಿನಕ್ಕೆ ವಾಪಸ್ ಕಳ್ಸಿದ್ರು. ಅಳೋ ಮಕ್ಳನ್ನ ಯಾರು ಇಟ್ಕೊಳ್ತಾರೆ, ನೀವೇ ಹೇಳಿ. ನಾಳೆ ಏಳರ ಗಾಡಿಗೆ ನಾನು ಹೋಗ್ಲೇಬೇಕು."

ಭಾರತಮ್ಮನ ಕೈ ತಾನಾಗಿ ಅಂಜಮ್ಮನ ಕೈಯನ್ನು ಬಿಟ್ಟಿತು. ಗಾಡಿ ಬಂಗಾರಪೇಟೆಯ ಕಡೆ ಹೊರಟು ಹೋಗಿ, ಪ್ಲಾಟ್‌ಫಾರಮ್ಮು ಖಾಲಿಯಾಯಿತು. ಆಮೇಲೆ ಭಾರತಮ್ಮ ಹೇಳಿದಳು, "ನಾಳೆ ನಮ್ಮನೇಲಿ ಬಿಡು. ನಾನು ವಾರ ರಜಾ ಹಾಕ್ತೀನಿ. ಅಷ್ಟರಲ್ಲಿ ಇಬ್ರೂ ಸೇರಿ ಒಳ್ಳೆ ಕಡೆ ಹುಡುಕೋಣ."

ಮರುದಿನ ಅಂಜಮ್ಮ ಮಕ್ಕಳನ್ನು ಬಿಟ್ಟು ತಿರುಗಿ ನೋಡದೆ ಸ್ಟೇಷನ್ನಿನ ಕಡೆ ಓಡಿದಳು. ಅವಳು ಬೀದಿ ತಿರುವು ದಾಟುವ ಮೊದಲೇ ಚಿಕ್ಕ ಮಗು ಬಾಯಿ ತೆರೆದು ಅಳತೊಡಗಿತು. ಅದರ ಹಿಂದೆಯೇ ದೊಡ್ಡದು, ಆಮೇಲೆ ಶೈಲಾ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಏನಮ್ಮ ಇದು ಗಲಾಟೆ?" ಎಂದಳು.

ಭಾರತಮ್ಮ ಚಿಕ್ಕ ಮಗುವನ್ನು ಎತ್ತಿಕೊಂಡಳು. ಎರಡು ತಿಂಗಳಿಂದ ದಿನಕ್ಕೆರಡು ಸಲ ನೋಡುತ್ತಿದ್ದ ಆ ಮಗುವಿನ ದನಿಯನ್ನು ಅವಳು ಕೇಳಿದ್ದು ಅದೇ ಮೊದಲು.