ಖಾಲಿ ಪೆಟ್ಟಿಗೆಯ ಹೊಟ್ಟೆ

ಖಾಲಿ ಪೆಟ್ಟಿಗೆ ಗುರ್ರ್ ಎಂದಿತು. ಜಾದೂಗಾರ ಆಗಷ್ಟೇ ಅದರ ಬಾಗಿಲು ತೆರೆದು, "ನೋಡಿ, ಒಳಗೆ ಯಾರೂ ಇಲ್ಲ," ಎಂದು ಕೈ ಬೀಸಿದ್ದ. ಯಾರೂ ಇಲ್ಲದ ಪೆಟ್ಟಿಗೆ ಇನ್ನೊಮ್ಮೆ, ಈ ಸಲ ರಾಗವಾಗಿ, ಗುರ್ರ್ರ್ ಎಂದಿತು. ಮುಂದಿನ ಸಾಲಿನ ಹೆಂಗಸೊಬ್ಬಳು, "ಪಾಪ, ಯಾರಿಗೋ ಹಸಿವಾಗಿದೆ," ಎಂದಳು. ಅಷ್ಟೇ ಸಾಕಾಯಿತು, ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಪೆಟ್ಟಿಗೆಯೊಳಗಿನ ಕನ್ನಡಿಯ ಹಿಂದೆ ಮುದುಡಿ ಕೂತಿದ್ದ ಜಾದೂಗಾರನ ಹೆಂಡತಿಗೆ ಮಾತ್ರ ಅಳು ಬಂತು.

ತೆರೆಯ ಹಿಂದೆ ಸಭಾಂಗಣದ ಮ್ಯಾನೇಜರ್ ಕಾಯುತ್ತಿದ್ದ. "ಶನಿವಾರದ ಆಟದಲ್ಲೂ ನಿಮ್ಮ ಪೆಟ್ಟಿಗೆ ಮಾತಾಡಿದ್ರೆ, ಭಾನುವಾರದಿಂದ ನಿಮ್ಮ ಜಾಗಕ್ಕೆ ಮಾತಾಡೋ ಗಿಣಿ ಬರುತ್ತೆ," ಎಂದ. ಗಿಣಿಯ ಯಜಮಾನ ಆಗಲೇ ಬಂದು ವೇದಿಕೆ ನೋಡಿಕೊಂಡು ಹೋಗಿದ್ದನಂತೆ.

ಇಷ್ಟಕ್ಕೆಲ್ಲ ಕಾರಣ ಫೋನು. ಪೆಟ್ಟಿಗೆ ಯಾಕೋ ಬಿಗಿ, ಮಂಡಿ ತಾಗುತ್ತೆ ಎಂದು ಹೆಂಡತಿ ಒಮ್ಮೆ ಬಾಯಿ ಬಿಟ್ಟದ್ದೇ ತಪ್ಪಾಯಿತು. ಜಾದೂಗಾರ ತಕ್ಷಣ ಇಬ್ಬರ ಫೋನಿಗೂ ಕ್ಯಾಲರಿ ಲೆಕ್ಕದ ಆ್ಯಪ್ ಹಾಕಿದ. "ನೀನು ಎಷ್ಟೋ ನಾನೂ ಅಷ್ಟೇ," ಎಂದು ಜೊತೆ ಕೊಡುವ ದೊಡ್ಡಸ್ತಿಕೆ ಬೇರೆ. ಬಾಳೆಹಣ್ಣು ತಿನ್ನಹೋದರೆ ಆ್ಯಪು ದೊಡ್ಡದೋ ಚಿಕ್ಕದೋ ಮಧ್ಯಮವೋ ಎಂದು ಕೇಳುತ್ತಿತ್ತು. ಇಬ್ಬರೂ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿ, ಜಗಳವಾಡಿ, ವಾಪಸ್ಸು ಇಡುತ್ತಿದ್ದರು. ಪೊಟ್ಟಣಕ್ಕಾದರೆ ಆ ರಗಳೆ ಇಲ್ಲ, ಅಂಕಿ ಅದರ ಮೇಲೇ ಅಚ್ಚಾಗಿರುತ್ತದೆ. ಹಾಗಾಗಿ ಬೆಳಿಗ್ಗೆ ರಟ್ಟಿನಂಥ ಬಿಸ್ಕತ್ತು, ಸಂಜೆ ಪುಡಿ ಕದಡಿದ ಸೂಪು. ಲೆಕ್ಕ ಸರಿಯಾಗಿತ್ತು, ಹೊಟ್ಟೆ ಒಪ್ಪಬೇಕಲ್ಲ.

ಅತ್ತೆ, ಅಂದರೆ ಜಾದೂಗಾರನ ತಾಯಿ, ಅಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಮಾವನ ಕಾಲದಲ್ಲಿ ಅದೇ ಪೆಟ್ಟಿಗೆಯಲ್ಲಿ ಮಾಯವಾಗುತ್ತಿದ್ದವರು ಅವರೇ. ಶನಿವಾರ ಮಧ್ಯಾಹ್ನ ತಡೆಯಲಾರದೆ ಬೇಯಿಸಿದ ಗೆಣಸು, ಮೊಟ್ಟೆ, ಕಡಲೆಕಾಯಿ, ಹಣ್ಣು ಎಲ್ಲ ತಂದು ಸೊಸೆಯ ಮುಂದೆ ಸುರಿದರು.

"ಗೆಣಸಿನ ಮೇಲೆ ಎಷ್ಟು ಅಂತ ಬರ್ದಿಲ್ವಲ್ಲ ಅತ್ತೆ?"

"ಅದಕ್ಕೆ ಮುಚ್ಚಿಡೋಂಥದ್ದು ಏನೂ ಇಲ್ಲ, ಬರೆಯೋದೇನು? ತಿನ್ನು."

"ಆಮೇಲೆ ಪೆಟ್ಟಿಗೆಯಲ್ಲಿ ಹಿಡಿಸ್ತೀನಾ?"

"ಬಸುರಿಯಾಗಿದ್ದಾಗ ನಾನೇ ಹಿಡಿಸ್ತಿದ್ದೆ. ನಿನ್ನ ಗಂಡನೂ ಒಳಗೇ ಇದ್ದ. ಒಬ್ಬಳೇ ನೀನು ಹಿಡಿಸಲ್ವೇನೇ? ತಳದ ಹಲಗೆ ಕೆಳಗೆ ಅವನು ಮುರಿದ ಕೊಡೆ, ಕಾಗದದ ಹೂವು ಎಲ್ಲ ತುರುಕಿದ್ದ, ಹಲಗೆ ಮೇಲೆದ್ದಿತ್ತು. ಬೆಳಿಗ್ಗೆ ಎಲ್ಲ ಎತ್ತಿ ಬಿಸಾಕಿದೀನಿ."

ಸೊಸೆ ಗಂಡನ ಕಡೆ ನೋಡಿದಳು. ಗಂಡ ಸೂರಿನ ಕಡೆ ನೋಡಿದ. ಅವಳು ಗೆಣಸಿಗೆ ಕೈ ಹಾಕಿದಳು. ಬಾಯಲ್ಲಿ ಅದು ಕರಗುತ್ತಿದ್ದ ಹಾಗೇ ಅವಳಿಗೆ ಎಲ್ಲಿಲ್ಲದ ನಗು ಬಂತು, ತುಂಬಿದ ಬಾಯಲ್ಲೇ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳ ಫೋನು ಕಡಲೆಕಾಯಿ ಸಿಪ್ಪೆಯ ಗುಡ್ಡೆಯಡಿ ಎಲ್ಲೋ ಹೂತುಹೋಯಿತು.

"ನೀನೂ ಬಾರೋ," ಎಂದರು ಅತ್ತೆ.

"ಬೇಡಮ್ಮ, ನನ್ನದು ಇವತ್ತಿನ ಲೆಕ್ಕ ಮುಗೀತು," ಎಂದು ಜಾದೂಗಾರ ಬಿಗುಮಾನದಿಂದ ಟೋಪಿ ಒರೆಸುತ್ತ ಕೂತ.

ಸಂಜೆ ಪೆಟ್ಟಿಗೆಯೊಳಗೆ ಇಳಿಯುವಾಗ ಸೊಸೆ ತಳದ ಹಲಗೆಯನ್ನು ಎರಡು ಸಲ ತಟ್ಟಿ ನೋಡಿದಳು. ಅತ್ತೆ ಅವಳ ಕೈಗೆ ಒಂದು ಕ್ಯಾರೆಟ್ ಕೊಟ್ಟರು. "ಕಚ್ಚಬೇಡ, ಸುಮ್ನೆ ಹಿಡ್ಕೊಂಡಿರು. ತಿನ್ನೋದು ಕೈಯಲ್ಲಿದ್ರೆ ಹೊಟ್ಟೆಗೆ ಧೈರ್ಯ."

ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಪಕ್ಕದಲ್ಲಿ ಮ್ಯಾನೇಜರ್, ಅವನ ಪಕ್ಕದಲ್ಲಿ ಪಂಜರ, ಪಂಜರದಲ್ಲಿ ಗಿಣಿ. ಜಾದೂಗಾರ ಬಾಗಿಲು ತೆರೆದು, ಎರಡೂ ಕೈ ಮೇಲೆತ್ತಿ, "ನೋಡಿ, ಒಳಗೆ ಯಾರೂ ಇಲ್ಲ," ಎಂದ. ಪೆಟ್ಟಿಗೆ ತೆಪ್ಪಗಿತ್ತು. ಎಂಥ ಮೌನ! ಅತ್ತೆ ತೆರೆಯ ಮರೆಯಲ್ಲಿ ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟರು.

ಗುರ್ರ್ರ್ರ್.

ಎಲ್ಲರೂ ಪೆಟ್ಟಿಗೆ ನೋಡಿದರು. ಪೆಟ್ಟಿಗೆಯದೇನೂ ತಪ್ಪಿರಲಿಲ್ಲ. ಸದ್ದು ಬಂದದ್ದು ಜಾದೂಗಾರನ ಕರಿಯ ಕೋಟಿನ ಗುಂಡಿಗಳ ಹಿಂದಿನಿಂದ. ಹೊಟ್ಟೆ ಹಿಡಿದುಕೊಂಡರೆ ಒಪ್ಪಿಕೊಂಡಂತೆ, ಹಿಡಿಯದಿದ್ದರೆ ಅದು ಸುಮ್ಮನಿರುವುದಿಲ್ಲ. ಕೈ ಮೇಲೆತ್ತಿಕೊಂಡೇ ಅವನು ಬೆವೆತ. ಜನ ಕಿಸಕ್ಕನೆ ನಗತೊಡಗಿದರು. ಮ್ಯಾನೇಜರ್ ಪಂಜರದ ಹಿಡಿಗೆ ಕೈ ಹಾಕಿದ.

ಆಗ ಖಾಲಿ ಪೆಟ್ಟಿಗೆಯ ನಟ್ಟನಡುವೆ, ಮೊಣಕೈಯೂ ಇಲ್ಲದೆ ಮೈಯೂ ಇಲ್ಲದೆ, ಚಮಕಿಯ ತೋಳಿನ ತುದಿಯೊಂದಿಗೆ ಒಂದು ಕೈ ಎದ್ದು ಬಂತು. ಕೈಯಲ್ಲಿ ಕ್ಯಾರೆಟ್. ತಗೋ ಎನ್ನುವಂತೆ ಎರಡು ಸಲ ಕುಲುಕಿತು.

ನಗು ನಿಂತುಹೋಯಿತು. ಜಾದೂಗಾರನ ಕೈ ಅಭ್ಯಾಸದಂತೆ ಫೋನಿದ್ದ ಜೇಬಿನತ್ತ ಹೋಗಿ, ಅರ್ಧ ದಾರಿಯಿಂದ ವಾಪಸ್ಸು ಬಂತು. ಅವನು ಕ್ಯಾರೆಟ್ ತೆಗೆದುಕೊಂಡ. ಕಟುಂ ಎಂದು ಕಚ್ಚಿದ. ಆ ಸದ್ದು ಹಿಂದಿನ ಸಾಲಿನವರೆಗೂ ಕೇಳಿಸಿತು.

ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು. ಜನ ಎದ್ದು ನಿಂತು "ಒನ್ಸ್ ಮೋರ್" ಎಂದು ಕೂಗಿದರು. ಮ್ಯಾನೇಜರ್ ಪಂಜರವನ್ನು ಕಾಲಿನಿಂದ ಮೆಲ್ಲಗೆ ತೆರೆಯ ಹಿಂದಕ್ಕೆ ಸರಿಸುತ್ತಿದ್ದ. ಜಾದೂಗಾರ ಬಾಗಿ ಬಾಗಿ ನಮಸ್ಕರಿಸುತ್ತ, ಅಗಿಯುತ್ತ, ಮತ್ತೆ ಬಾಯಿಗಿಡಲು ಕ್ಯಾರೆಟ್ ಎತ್ತಿದ.

ಖಾಲಿ ಪೆಟ್ಟಿಗೆಯಿಂದ ಆ ಕೈ ಮತ್ತೆ ಬಂತು. ಈ ಸಲ ಬರಿಗೈ. ಅಂಗೈ ಮೇಲೆ ಮಾಡಿ, ಬೆರಳು ಮಡಚಿ ಬಿಚ್ಚಿ, ಉಳಿದರ್ಧ ವಾಪಸ್ಸು ಕೇಳಿತು.